ಪೊಲೀಸರಿಗೆ ಮಾಧ್ಯಮ ಮತ್ತು ಜನಸಂಪರ್ಕ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಭಾಗದ ಠಾಣಾ ಸಿಬ್ಬಂದಿಗೆ ಮಾಧ್ಯಮ ವ್ಯವಹಾರ ಹಾಗೂ ಜನಸಂಪರ್ಕದ ಪಾಠ ಹೇಳುವಾಗ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೆಲವು ತರಗತಿಯ ನಂತರದ ಮಾತುಕತೆಯಲ್ಲಿ ಬಂದವು, ಕೆಲವನ್ನು ತಾಲ್ಲೂಕು ವರದಿಗಾರರು ಬರೆದು ಕೇಳಿದ್ದಾರೆ, ಇನ್ನು ಕೆಲವು ಸಾರ್ವಜನಿಕರ ಪ್ರತಿಕ್ರಿಯೆಗಳಿಂದ ಆಯ್ದವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. ಕಾನೂನಿನ ಕಲಂಗಳನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಗಳ ಪ್ರಕಾರ ಕೊಡಲಾಗಿದೆ.

## ಆರಂಭದ ಪ್ರಶ್ನೆಗಳು

ಕಳ್ಳನನ್ನು ಹಿಡಿಯುವುದು ನಮ್ಮ ಕೆಲಸ. ಪತ್ರಿಕೆಯವರೊಂದಿಗೆ ಮಾತನಾಡುವುದನ್ನೂ ನಾವೇಕೆ ಕಲಿಯಬೇಕು?

ಕಳ್ಳನನ್ನು ಹಿಡಿಯಲು ಬೇಕಾದ ಸುಳಿವಿನ ದೊಡ್ಡ ಪಾಲು ಜನರಿಂದಲೇ ಬರುತ್ತದೆ, ಮತ್ತು ಆ ಜನ ಠಾಣೆಯ ಮೆಟ್ಟಿಲು ಹತ್ತಬೇಕೋ ಬೇಡವೋ ಎಂಬುದನ್ನು ಪತ್ರಿಕೆಯಲ್ಲಿ ಓದಿದ, ಟಿ.ವಿ.ಯಲ್ಲಿ ನೋಡಿದ, ಮೊಬೈಲಿನಲ್ಲಿ ಕೇಳಿದ ಪೊಲೀಸರ ಮಾತಿನಿಂದ ತೀರ್ಮಾನಿಸುತ್ತಾರೆ. ಮೈಸೂರು ಸ್ವಂತ ದಿನಪತ್ರಿಕೆಗಳನ್ನೂ ಸಂಜೆ ಪತ್ರಿಕೆಯನ್ನೂ ಬೆಳೆಸಿಕೊಂಡ ಊರು. ಮಂಡ್ಯದ ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ವರದಿಗಾರರಿದ್ದಾರೆ. ಘಟನೆ ನಡೆದ ಸ್ವಲ್ಪ ಹೊತ್ತಿನಲ್ಲಿಯೇ ಅದರ ವಿಡಿಯೊ ಊರೆಲ್ಲ ಸುತ್ತಿರುತ್ತದೆ. ಆ ಹೊತ್ತಿನಲ್ಲಿ ಪೊಲೀಸರು ಸುಮ್ಮನಿದ್ದರೆ ಸುದ್ದಿ ನಿಲ್ಲುವುದಿಲ್ಲ, ಪೊಲೀಸರ ಪಾಲಿನ ಸಂಗತಿಯಿಲ್ಲದೆ ಅದು ಮುಂದೆ ಹೋಗುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು: ಮೈಕಿನ ಮುಂದೆ ಆಡಿದ ಒಂದು ಅಜಾಗರೂಕ ವಾಕ್ಯವು ತಿಂಗಳುಗಟ್ಟಲೆ ನಡೆಸಿದ ತನಿಖೆಯನ್ನು ನ್ಯಾಯಾಲಯದಲ್ಲಿ ದುರ್ಬಲಗೊಳಿಸಬಲ್ಲದು. ಹೀಗಾಗಿ ಈ ತರಬೇತಿಯನ್ನು ಪ್ರಚಾರದ ಕಲೆಯೆಂದು ನೋಡದೆ ತನಿಖೆಯ ಒಂದು ಭಾಗವೆಂದೇ ನೋಡಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಠಾಣೆಯಿಂದ ಯಾರು ಮಾತನಾಡಬಹುದು? ಕಾನ್‌ಸ್ಟೆಬಲ್ ಮೈಕಿನ ಮುಂದೆ ನಿಲ್ಲಬಹುದೇ?

ಪ್ರಕರಣದ ಬಗ್ಗೆ ಹೇಳಿಕೆ ಕೊಡಬೇಕಾದವರು ಅದಕ್ಕೆಂದು ನಿಯೋಜಿತರಾದ ಅಧಿಕಾರಿ ಮಾತ್ರ. ಕೇಂದ್ರ ಗೃಹ ಸಚಿವಾಲಯವು 2010ರ ಏಪ್ರಿಲ್ 1ರಂದು ರಾಜ್ಯಗಳಿಗೆ ಕಳುಹಿಸಿದ ಸೂಚನೆಯೂ ಇದನ್ನೇ ಹೇಳುತ್ತದೆ. ಜಿಲ್ಲೆಯಲ್ಲಿ ಇದು ಸಾಮಾನ್ಯವಾಗಿ ಎಸ್‌ಪಿ, ನಗರದಲ್ಲಿ ಆಯುಕ್ತರು, ಅಥವಾ ಅವರು ಸೂಚಿಸಿದವರು. ಆದರೆ ತರಬೇತಿ ಅವರಿಗಷ್ಟೇ ಸಾಕು ಎಂಬುದು ತಪ್ಪು ತೀರ್ಮಾನ. ರಾತ್ರಿ ಹನ್ನೊಂದಕ್ಕೆ ವರದಿಗಾರರ ಕರೆಯನ್ನು ಎತ್ತುವವರು ಎಸ್‌ಪಿಯವರಲ್ಲ, ಠಾಣೆಯ ಪಾಳಿಯಲ್ಲಿರುವ ಹೆಡ್ ಕಾನ್‌ಸ್ಟೆಬಲ್ ಅಥವಾ ಠಾಣಾ ಬರಹಗಾರರು. ಅವರು ಸಿಡುಕಿ ಫೋನ್ ಇಟ್ಟರೂ, ಸಲುಗೆಯಿಂದ ಎಲ್ಲವನ್ನೂ ಹೇಳಿದರೂ ಇಲಾಖೆಗೆ ಆಗುವ ಹಾನಿ ಸಮಾನವೇ. ಅವರು ಕಲಿಯಬೇಕಾದದ್ದು ಇಷ್ಟು: ಕರೆ ಮಾಡಿದವರ ಹೆಸರು, ಪತ್ರಿಕೆ ಮತ್ತು ಪ್ರಶ್ನೆಯನ್ನು ಬರೆದುಕೊಳ್ಳುವುದು, ಈ ಬಗ್ಗೆ ಮಾತನಾಡುವ ಅಧಿಕಾರಿ ಯಾರು, ಯಾವಾಗ ಸಿಗುತ್ತಾರೆ ಎಂದು ತಿಳಿಸುವುದು, ಆ ಚೀಟಿಯನ್ನು ಅಧಿಕಾರಿಗೆ ಮುಟ್ಟಿಸುವುದು.

ತರಬೇತಿ ಎಲ್ಲಿ ಸಿಗುತ್ತದೆ? ಎಷ್ಟು ದಿನ ಬೇಕಾಗುತ್ತದೆ?

ನೇರ ನೇಮಕಾತಿಯ ಡಿವೈಎಸ್‌ಪಿ ಮತ್ತು ಪಿಎಸ್‌ಐಗಳನ್ನು ತರಬೇತುಗೊಳಿಸುವ ಕರ್ನಾಟಕ ಪೊಲೀಸ್ ಅಕಾಡೆಮಿ ಮೈಸೂರಿನಲ್ಲಿಯೇ ಇದೆ. ಜ್ಯೋತಿನಗರದಲ್ಲಿ ಪೊಲೀಸ್ ತರಬೇತಿ ಶಾಲೆಯಿದೆ. ಸೇವೆಯಲ್ಲಿರುವವರಿಗೆ ಉಪವಿಭಾಗ ಮಟ್ಟದಲ್ಲಿ ಎರಡು ದಿನದ ತರಗತಿಯಿಂದ ಆರಂಭಿಸಿ, ಮೂರು ತಿಂಗಳಿಗೊಮ್ಮೆ ಅರ್ಧ ದಿನ ಅಭ್ಯಾಸ ಮಾಡಿಸುವುದು ಫಲಕಾರಿ. ಒಂದೇ ವಾರ ಭಾಷಣ ಕೇಳಿಸಿ ಪ್ರಮಾಣಪತ್ರ ಕೊಟ್ಟು ಕಳುಹಿಸಿದರೆ ಏನೂ ಉಳಿಯುವುದಿಲ್ಲ. ಅಣಕು ಪತ್ರಿಕಾಗೋಷ್ಠಿಗೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪತ್ರಿಕೋದ್ಯಮ ವಿದ್ಯಾರ್ಥಿಗಳನ್ನು ಕರೆಯಬಹುದು. ಅವರು ಹಿಂಜರಿಕೆಯಿಲ್ಲದೆ ಪ್ರಶ್ನೆ ಕೇಳುತ್ತಾರೆ, ಅವರಿಗೂ ಅದು ಪಾಠವಾಗುತ್ತದೆ.

## ಠಾಣೆಯ ದಿನನಿತ್ಯದ ಕೆಲಸ

ಎಫ್‌ಐಆರ್ ಆದ ತಕ್ಷಣ ಏನು ಹೇಳಬಹುದು, ಏನು ಹೇಳಬಾರದು?

ಘಟನೆ ನಡೆದ ಸ್ಥಳ, ದಿನ, ಅಂದಾಜು ಸಮಯ, ದೂರು ದಾಖಲಾದ ಠಾಣೆ, ಹಾಕಿರುವ ಕಲಂಗಳು, ತನಿಖೆಯ ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ಸಾರ್ವಜನಿಕರಿಂದ ಬೇಕಾದ ನೆರವು, ಇವನ್ನು ಹೇಳಬಹುದು ಮತ್ತು ಬೇಗ ಹೇಳಬೇಕು. ಮೊದಲ 48 ಗಂಟೆಗಳಲ್ಲಿ ಘಟನೆಯ ಮೂಲ ಸಂಗತಿ ಹಾಗೂ ತನಿಖೆ ಕೈಗೆತ್ತಿಕೊಂಡಿರುವ ವಿಚಾರವನ್ನು ಮೀರಿ ಅನಗತ್ಯವಾಗಿ ಮಾಹಿತಿ ಬಿಡಬಾರದೆಂದು, ನಂತರ ಪ್ರಕರಣ ದಾಖಲು, ಬಂಧನ, ದೋಷಾರೋಪ ಪಟ್ಟಿ, ತೀರ್ಪು ಈ ಹಂತಗಳಲ್ಲಿ ತಿಳಿಸಬೇಕೆಂದು 2010ರ ಸೂಚನೆ ಹೇಳುತ್ತದೆ. 2023ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟ್ ಪೊಲೀಸರ ಮಾಧ್ಯಮ ಹೇಳಿಕೆಗಳ ಬಗ್ಗೆ ಸಮಗ್ರ ಕೈಪಿಡಿ ಸಿದ್ಧಪಡಿಸುವಂತೆ ಗೃಹ ಸಚಿವಾಲಯಕ್ಕೆ ನಿರ್ದೇಶಿಸಿದ್ದು, ಹಳೆಯ ಸೂಚನೆಯೊಂದೇ ಇಂದಿನ ಕಾಲಕ್ಕೆ ಸಾಲದು ಎಂಬ ಕಾರಣದಿಂದ.

ಹೇಳಬಾರದ್ದರಲ್ಲಿ ಮೊದಲನೆಯದು ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಮಾತು. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲಾಗದು. ಅವನ ಮಾತಿನಿಂದ ಒಂದು ವಸ್ತು ಪತ್ತೆಯಾದಾಗ ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಮಾತ್ರ ನಿಲ್ಲುತ್ತದೆ. ಪತ್ರಿಕೆ ಓದುವವರಿಗೆ ಈ ಸೂಕ್ಷ್ಮ ಗೊತ್ತಿರುವುದಿಲ್ಲ. ಒಪ್ಪಿಕೊಂಡ ಎಂದು ಓದಿದವರು, ಕೆಲವು ವರ್ಷಗಳ ನಂತರ ಅವನು ಖುಲಾಸೆಯಾದಾಗ, ಪೊಲೀಸರೋ ನ್ಯಾಯಾಲಯವೋ ಹಣಕ್ಕೆ ಬಿಟ್ಟುಕೊಟ್ಟಿತೆಂದೇ ಭಾವಿಸುತ್ತಾರೆ. ಕೊಲೆಯ ಕಾರಣವನ್ನು ಊಹಿಸಿ ಹೇಳುವುದು, ಸತ್ತವರ ಖಾಸಗಿ ಸಂಬಂಧಗಳ ಬಗ್ಗೆ ಮಾತನಾಡುವುದು, ಸಾಕ್ಷಿಗಳ ಹೆಸರು ಬಿಡುವುದು, ಮೊಬೈಲ್ ಟವರ್ ಮತ್ತು ಸಿಸಿಟಿವಿ ಬಳಸಿ ಹೇಗೆ ಪತ್ತೆ ಹಚ್ಚಿದೆವು ಎಂದು ವಿವರಿಸುವುದು, ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಅದೇ ವೇಳೆ ಗೌಪ್ಯದ ಹೆಸರಿನಲ್ಲಿ ಎಲ್ಲವನ್ನೂ ಮುಚ್ಚಿಡುವುದಕ್ಕೂ ಕಾನೂನಿನ ಆಸರೆಯಿಲ್ಲ. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ), ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿಯೇ ಆದೇಶಿಸಿದೆ. ಬಂಧಿತರ ಹೆಸರು, ವಿಳಾಸ ಹಾಗೂ ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲಿ ಮತ್ತು ಜಿಲ್ಲಾ ಕೇಂದ್ರದಲ್ಲಿ ಪ್ರದರ್ಶಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಹೇಳುತ್ತದೆ. ಆ ಹೊಣೆ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು. ದೂರುದಾರರನ್ನೂ ಮರೆಯಬಾರದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಅವರಿಗೆ ತಿಳಿಸಬೇಕೆಂದು ಅದೇ ಸಂಹಿತೆಯ 193ನೇ ಕಲಂ ವಿಧಿಸುತ್ತದೆ. ಮಗನ ಕೊಲೆ ಪ್ರಕರಣದಲ್ಲಿ ಬಂಧನವಾದ ಸುದ್ದಿಯನ್ನು ತಾಯಿ ಟಿ.ವಿ.ಯಲ್ಲಿ ಮೊದಲು ನೋಡುವಂತಾಗುವುದು ಯಾವ ಠಾಣೆಗೂ ಗೌರವವಲ್ಲ.

ಆರೋಪಿಗಳನ್ನು ಮಾಲಿನ ಜೊತೆ ನಿಲ್ಲಿಸಿ ಫೋಟೊ ಕೊಡುವುದು ಮೊದಲಿನಿಂದಲೂ ನಡೆದುಬಂದಿದೆ. ಅದರಲ್ಲಿ ತಪ್ಪೇನು?

ಸಾಕ್ಷಿದಾರರು ಆರೋಪಿಯನ್ನು ಗುರುತಿಸುವ ಪರೇಡ್ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಮಿನ ಅಡಿ ಇನ್ನೂ ನಡೆಯಬೇಕಿರುತ್ತದೆ. ಅದಕ್ಕೆ ಮುಂಚೆ ಮುಖ ಪತ್ರಿಕೆಯಲ್ಲಿ ಬಂದರೆ, ‘ಸಾಕ್ಷಿ ಗುರುತಿಸಿದ್ದು ಪತ್ರಿಕೆಯ ಚಿತ್ರವನ್ನು ನೋಡಿ’ ಎಂದು ಆರೋಪಿ ಪರ ವಕೀಲರು ವಾದಿಸುತ್ತಾರೆ, ಪರೇಡಿಗೆ ಬೆಲೆಯೇ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಅವನು ನಿರಪರಾಧಿಯಾಗಿದ್ದರೆ ಆ ಚಿತ್ರವನ್ನು ಹಿಂದಕ್ಕೆ ಪಡೆಯಲು ಯಾರಿಂದಲೂ ಆಗದು. ಅವನ ಮಕ್ಕಳು ಅದೇ ಊರಿನ ಶಾಲೆಗೆ ಹೋಗಬೇಕು. ಬಂಧಿತರನ್ನು ಮಾಧ್ಯಮದ ಮುಂದೆ ಮೆರೆಸಬಾರದೆಂದು 2010ರ ಸೂಚನೆಯಲ್ಲಿಯೂ ಇದೆ. ಮಾಲಿನ ಚಿತ್ರವನ್ನು ಮಾತ್ರ ಕೊಡಿ. ಒಡವೆಗಳನ್ನು ಹತ್ತಿರದಿಂದ ಸ್ಪಷ್ಟವಾಗಿ ತೆಗೆದು ಕೊಟ್ಟರೆ, ಕಳೆದುಕೊಂಡವರು ಗುರುತಿಸಿಕೊಂಡು ಬರುವ ಅನುಕೂಲವೂ ಇದೆ.

ಸಂತ್ರಸ್ತೆಯ ಹೆಸರು ಹೇಳದೆ ಊರು, ಕಾಲೇಜು ಹೇಳಿದರೆ ಸಾಕಲ್ಲವೇ?

ಸಾಲದು. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅತ್ಯಾಚಾರದಂತಹ ಪ್ರಕರಣಗಳಲ್ಲಿ ಸಂತ್ರಸ್ತರ ಗುರುತು ಬಹಿರಂಗಪಡಿಸುವುದನ್ನು ಎರಡು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧವಾಗಿಸಿದೆ. ಪರೋಕ್ಷವಾಗಿ ಗುರುತು ಹತ್ತುವ ವಿವರವನ್ನೂ ಕೊಡಬಾರದೆಂದು ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಶಾಲೆ, ಕುಟುಂಬ, ನೆರೆಹೊರೆಯ ವಿವರಗಳನ್ನೂ ಹೆಸರಿಸಿ ನಿಷೇಧಿಸುತ್ತದೆ, 24ನೇ ಕಲಂ ಮಗುವಿನ ಗುರುತು ಮಾಧ್ಯಮಕ್ಕೆ ಸಿಗದಂತೆ ಕಾಯುವ ಹೊಣೆಯನ್ನು ನೇರವಾಗಿ ಪೊಲೀಸರ ಮೇಲೆ ಹೊರಿಸುತ್ತದೆ. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಬಾಲಕರಿಗೂ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಇದೇ ರಕ್ಷಣೆಯಿದೆ. ನಗರದಲ್ಲಿ ಕಾಲೇಜಿನ ಹೆಸರು ಸಾವಿರಾರು ಜನರನ್ನು ಒಳಗೊಳ್ಳಬಹುದು; ಇನ್ನೂರು ಮನೆಗಳ ಹಳ್ಳಿಯಲ್ಲಿ ‘ಇಂಥ ಗ್ರಾಮದ ಒಂಬತ್ತನೇ ತರಗತಿ ವಿದ್ಯಾರ್ಥಿನಿ’ ಎಂದರೆ ಹೆಸರು ಹೇಳಿದಂತೆಯೇ. ಆರೋಪಿ ಹತ್ತಿರದ ಬಂಧುವಾಗಿದ್ದರೆ ಅವನ ಹೆಸರನ್ನೂ, ನಂಟನ್ನೂ ಒಟ್ಟಿಗೆ ಹೇಳಬಾರದು. ಪ್ರಕಟಣೆಯನ್ನು ಕಳುಹಿಸುವ ಮುನ್ನ, ಆ ಹಳ್ಳಿಯ ಅಂಗಡಿಯಲ್ಲಿ ಕುಳಿತು ಓದುವವರಿಗೆ ಇದು ಯಾರೆಂದು ಗೊತ್ತಾಗುತ್ತದೆಯೇ ಎಂದು ಒಬ್ಬರಾದರೂ ಪರೀಕ್ಷಿಸಬೇಕು.

ಪತ್ರಿಕಾ ಪ್ರಕಟಣೆ ಬರೆದು ಕಳುಹಿಸಿದರೂ ಯಾರೂ ಹಾಕುವುದಿಲ್ಲ. ಏಕೆ?

ಬಹುಪಾಲು ಪ್ರಕಟಣೆಗಳು ಠಾಣೆಯ ಕಡತದ ಭಾಷೆಯಲ್ಲಿ ಇರುತ್ತವೆ. ‘ಸದರಿ ಪಿರ್ಯಾದುದಾರರು ನೀಡಿದ ಪಿರ್ಯಾದಿನ ಮೇರೆಗೆ ಪ್ರಕರಣ ದಾಖಲಿಸಿಕೊಂಡು, ಮೇಲ್ಕಂಡ ಆಸಾಮಿಯನ್ನು ದಸ್ತಗಿರಿ ಮಾಡಿ, ಮಾಲನ್ನು ಅಮಾನತ್ತುಪಡಿಸಿಕೊಳ್ಳಲಾಗಿರುತ್ತದೆ’ ಎಂಬ ಬರಹವನ್ನು ಉಪಸಂಪಾದಕರು ಮೊದಲಿನಿಂದ ಬಿಡಿಸಿ ಬರೆಯಬೇಕು; ಪುಟ ಮುಗಿಸುವ ಆತುರದಲ್ಲಿ ಅವರು ಅದನ್ನು ಬದಿಗಿಡುತ್ತಾರೆ. ಉದಾಹರಣೆಗೆ ಹೀಗೆ ಬರೆದು ನೋಡಿ: ‘ಮದ್ದೂರು ಬಸ್ ನಿಲ್ದಾಣದಲ್ಲಿ ಸೋಮವಾರ ಸಂಜೆ ಮಹಿಳೆಯೊಬ್ಬರ ಚಿನ್ನದ ಸರ ಕಳವಾಗಿದೆ. ಅವರು ಬಸ್ ಹತ್ತುವಾಗ ನೂಕುನುಗ್ಗಲು ಇತ್ತು. ಸಂಜೆ 5ರಿಂದ 6ರ ನಡುವೆ ನಿಲ್ದಾಣದಲ್ಲಿ ಇದ್ದವರು ಏನನ್ನಾದರೂ ಗಮನಿಸಿದ್ದರೆ ಮದ್ದೂರು ಠಾಣೆಗೆ ತಿಳಿಸಬೇಕು.’ ಓದುವವರು ಏನು ಮಾಡಬೇಕೆಂಬುದು ಇದರಲ್ಲಿ ಇದೆ, ಹಾಗಾಗಿ ಅದು ಸುದ್ದಿಯಾಗುತ್ತದೆ. ಅಧಿಕಾರಿಗಳ ಹೆಸರಿನ ಉದ್ದ ಪಟ್ಟಿಯಿಂದ ಆರಂಭವಾಗುವ ಪ್ರಕಟಣೆ ಸುದ್ದಿಯಾಗದು. ಸಿಬ್ಬಂದಿಯ ಶ್ರಮವನ್ನು ಗುರುತಿಸಬೇಕಾದದ್ದು ನಿಜ, ಅದು ಕೊನೆಯ ಪರಿಚ್ಛೇದದಲ್ಲಿ ಇರಲಿ. ತಾಲ್ಲೂಕು ಸುದ್ದಿಯ ಪುಟಗಳು ಬೇಗ ಮುಗಿಯುವುದರಿಂದ ಸಂಜೆಯೊಳಗೆ ಕಳುಹಿಸಿ. ಬರಹವನ್ನು ಟೈಪ್ ಮಾಡಿದ ಪಠ್ಯವಾಗಿ ಕೊಡಿ, ಸಹಿ ಮಾಡಿದ ಕಾಗದದ ಮಸುಕಾದ ಫೋಟೊವನ್ನು ಮಾತ್ರ ಕಳುಹಿಸಬೇಡಿ.

ನಂಬಿಕಸ್ಥ ವರದಿಗಾರರೊಬ್ಬರಿಗೆ ಮೊದಲೇ ಸುದ್ದಿ ಕೊಟ್ಟರೆ ತಪ್ಪೇ?

ತಪ್ಪು. ಉಳಿದವರು ಅದನ್ನು ಮರೆಯುವುದಿಲ್ಲ, ಮತ್ತು ಆ ಸಲುಗೆ ಒಂದಲ್ಲ ಒಂದು ದಿನ ಕೊಡಬಾರದ ಕಾಗದವನ್ನೂ ಕೇಳುತ್ತದೆ. ಎಲ್ಲರಿಗೂ ಒಂದೇ ಹೊತ್ತಿಗೆ, ಒಂದೇ ಪಠ್ಯ.

## ಜನರ ಬಳಿಗೆ ಹೋಗುವುದು

ಜನಸಂಪರ್ಕ ಸಭೆ ಕರೆದರೆ ಯಾವಾಗಲೂ ಅದೇ ಹತ್ತು ಮುಖಂಡರು ಬರುತ್ತಾರೆ. ಉಳಿದವರನ್ನು ಹೇಗೆ ತಲುಪುವುದು?

ಸಭೆಯನ್ನು ಠಾಣೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ, ಕಾರ್ಯಕರ್ತರಿಗೆ ಫೋನ್ ಮಾಡಿ ಕರೆದರೆ ಬರುವವರು ಬಿಡುವಿರುವ ಮುಖಂಡರೇ. ಕೂಲಿಗೆ ಹೋಗುವ ಹೆಂಗಸರು, ಗದ್ದೆಯಲ್ಲಿರುವ ರೈತರು, ಗಾರ್ಮೆಂಟ್ಸ್ ಪಾಳಿಯ ಹುಡುಗಿಯರು ಬರಲು ಸಾಧ್ಯವಿಲ್ಲ. ಅವರು ತಾವಾಗಿಯೇ ಸೇರುವ ಜಾಗಕ್ಕೆ ಪೊಲೀಸರು ಹೋಗಬೇಕು. ಮಂಡ್ಯದ ಹಳ್ಳಿಗಳಲ್ಲಿ ಅಂತಹ ಜಾಗ ಹಾಲಿನ ಡೇರಿ. ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಸಾಲು ನಿಲ್ಲುವವರಲ್ಲಿ ಹೆಂಗಸರೂ ಹಿರಿಯರೂ ಎಲ್ಲ ಜಾತಿಯವರೂ ಇರುತ್ತಾರೆ. ಆ ಊರಿನ ಗಸ್ತಿನ ಹೊಣೆ ಹೊತ್ತ ಬೀಟ್ ಕಾನ್‌ಸ್ಟೆಬಲ್ ತಿಂಗಳಿಗೊಮ್ಮೆ ಅಲ್ಲಿ ಹತ್ತು ನಿಮಿಷ ನಿಂತು ಒಂದೇ ವಿಷಯ ಹೇಳಿ, ಉಳಿದ ಹೊತ್ತು ಅವರ ಮಾತು ಕೇಳಿದರೆ, ಸಭಾಂಗಣದ ಸಭೆಗಿಂತ ಹೆಚ್ಚು ತಿಳಿಯುತ್ತದೆ. ಕಬ್ಬು ಕಟಾವಿನ ದಿನಗಳಲ್ಲಿ ಟ್ರ್ಯಾಕ್ಟರ್ ಮತ್ತು ಎತ್ತಿನ ಗಾಡಿಗಳ ಹಿಂದೆ ಪ್ರತಿಫಲಕ ಪಟ್ಟಿ ಅಂಟಿಸುವ ಕೆಲಸವನ್ನು ಕಾರ್ಖಾನೆಯ ತೂಕದ ಸಾಲಿನಲ್ಲಿಯೇ, ಚಾಲಕರೊಂದಿಗೆ ಮಾತನಾಡುತ್ತ ಮಾಡಬೇಕು.

ಮೈಸೂರಿನಲ್ಲಿ ಜಾಗಗಳು ಬೇರೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ದೋಚುವ ವಂಚನೆಯ ಬಗ್ಗೆ ಎಚ್ಚರಿಸಬೇಕಾದದ್ದು ಮುಖ್ಯವಾಗಿ ನಿವೃತ್ತರನ್ನು. ಅವರು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಿಗುತ್ತಾರೆ. ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ, ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಈ ಎರಡು ಮಾತು ಸಾಕು. ಠೇವಣಿ ಮುರಿಸಲು ಗಾಬರಿಯಿಂದ ಬರುವ ಹಿರಿಯರನ್ನು ಮೊದಲು ನೋಡುವವರು ಬ್ಯಾಂಕ್ ಸಿಬ್ಬಂದಿಯಾದ್ದರಿಂದ ಅವರಿಗೂ ಇದೇ ತಿಳಿವಳಿಕೆ ಕೊಡಬೇಕು.

ರಾಜ್ಯದ ಪೊಲೀಸ್ ಇಲಾಖೆ ಶಾಲಾ ಮಕ್ಕಳನ್ನು ಠಾಣೆಗೆ ಕರೆಯುವ ‘ತೆರೆದ ಮನೆ’ಯನ್ನೂ, 2025ರಿಂದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮವನ್ನೂ ನಡೆಸುತ್ತಿದೆ. ಇವು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಗಳಾಗಿ ಸೊರಗದಂತೆ ನೋಡಿಕೊಳ್ಳುವುದು ತರಬೇತಿಯ ದೊಡ್ಡ ಕೆಲಸ. ಮನೆಯ ಬಾಗಿಲಿಗೆ ಸಮವಸ್ತ್ರದಲ್ಲಿ ಹೋದಾಗ ನೆರೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಮನೆಯವರಿಗೆ ಇರುತ್ತದೆ. ಆದ್ದರಿಂದ ಬೀದಿಯ ಎಲ್ಲ ಮನೆಗಳಿಗೂ ಹೋಗುತ್ತಿದ್ದೇವೆ ಎಂಬುದನ್ನು ಮೊದಲ ವಾಕ್ಯದಲ್ಲಿಯೇ, ಸ್ವಲ್ಪ ದನಿಯೆತ್ತಿ ಹೇಳುವುದನ್ನು ಅಭ್ಯಾಸ ಮಾಡಿಸುತ್ತೇವೆ. ಬರೆದುಕೊಂಡ ಅಹವಾಲಿಗೆ ಏನಾಯಿತೆಂದು ಮುಂದಿನ ಭೇಟಿಯಲ್ಲಿ ಹೇಳದಿದ್ದರೆ ಮೂರನೆಯ ಭೇಟಿಗೆ ಬಾಗಿಲು ತೆರೆಯುವುದಿಲ್ಲ.

ಹೊಸ ನಿಯಮ ಬಂದಾಗ ದಂಡ ಹಾಕುವ ಮೊದಲು ತಿಳಿವಳಿಕೆ ಕೊಡುವುದು ನಮ್ಮ ಕೆಲಸವೇ?

ಹೌದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ಆದೇಶ ಹೆದ್ದಾರಿ ಪ್ರಾಧಿಕಾರದ್ದಾದರೂ ರಸ್ತೆಯಲ್ಲಿ ನಿಂತು ಉತ್ತರ ಕೊಡಬೇಕಾದವರು ಪೊಲೀಸರು. ‘ನಮ್ಮೂರ ಜಮೀನಿನ ಮೇಲೆ ಹಾದುಹೋದ ರಸ್ತೆಯಲ್ಲಿ ನಾವೇ ಓಡಾಡಬಾರದೇ?’ ಎಂಬ ಪ್ರಶ್ನೆಗೆ ರಸೀದಿ ಉತ್ತರವಾಗದು. ಏಕೆ ನಿಷೇಧ, ಯಾವ ಸೇವಾ ರಸ್ತೆಯಲ್ಲಿ ಹೋಗಬೇಕು, ಎಲ್ಲಿ ದಾಟಬೇಕು ಎಂಬುದನ್ನು ಊರಿನ ಹೆಸರು ಹಿಡಿದು ವಿವರಿಸಲು ಬರಬೇಕು.

ದಸರಾ ಬಂದೋಬಸ್ತಿಗೆ ಬೇರೆ ಜಿಲ್ಲೆಗಳಿಂದ ಬಂದವರಿಗೆ ಊರೇ ಗೊತ್ತಿರುವುದಿಲ್ಲ. ಅವರಿಗೆ ಜನಸಂಪರ್ಕ ಹೇಗೆ ಕಲಿಸುವುದು?

ದಸರಾ ದಿನಗಳಲ್ಲಿ ಪ್ರವಾಸಿಗೆ ಸಿಗುವ ಪೊಲೀಸ್ ಇಲಾಖೆಯೆಂದರೆ ಬ್ಯಾರಿಕೇಡ್ ಬಳಿ ನಿಂತ ಆ ಒಬ್ಬ ಕಾನ್‌ಸ್ಟೆಬಲ್. ಅವರು ಬೀದರಿನವರೋ ಬಳ್ಳಾರಿಯವರೋ ಆಗಿರಬಹುದು, ಆದರೆ ದಾರಿ ಕೇಳುವವರಿಗೆ ಅದು ಗೊತ್ತಿಲ್ಲ. ಕೈಯಲ್ಲೊಂದು ಚಿಕ್ಕ ಕಾರ್ಡ್ ಕೊಡಿ: ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಾದು ಬನ್ನಿಮಂಟಪ ತಲುಪುವ ಜಂಬೂಸವಾರಿಯ ದಾರಿ, ಅವರು ನಿಂತ ಜಾಗಕ್ಕೆ ಹತ್ತಿರದ ಶೌಚಾಲಯ, ಬಸ್ ಹೊರಡುವ ಸ್ಥಳ, ಪ್ರಥಮ ಚಿಕಿತ್ಸೆ, ಕಳೆದುಹೋದ ಮಕ್ಕಳನ್ನು ಒಪ್ಪಿಸುವ ಜಾಗ. ‘ಗೊತ್ತಿಲ್ಲ, ಮುಂದೆ ಹೋಗಿ’ ಎಂಬ ಮಾತು ಅರ್ಧದಷ್ಟು ಕಡಿಮೆಯಾದರೂ ದೊಡ್ಡ ಲಾಭ. ಮೇಲುಕೋಟೆಯ ವೈರಮುಡಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅದು ರಾತ್ರಿಯ ಉತ್ಸವವಾದ್ದರಿಂದ ಕಾರ್ಡಿನ ಅಕ್ಷರ ದೊಡ್ಡದಿರಬೇಕು.

## ಕಷ್ಟದ ಹೊತ್ತು

ವಾಟ್ಸ್‌ಆ್ಯಪ್‌ನಲ್ಲಿ ವದಂತಿ ಹಬ್ಬುತ್ತಿದೆ. ನಾವು ಅಲ್ಲಗಳೆದರೆ ಅದಕ್ಕೇ ಪ್ರಚಾರ ಕೊಟ್ಟಂತಾಗುವುದಿಲ್ಲವೇ?

ವದಂತಿ ನಾಲ್ಕು ಜನರ ನಡುವೆ ಇದ್ದಾಗ ಹಾಗೆ ಆಗಬಹುದು. ಊರಿನ ಗುಂಪುಗಳಲ್ಲಿ ಹರಿದಾಡಲು ತೊಡಗಿದ ಮೇಲೆ ಮೌನ ಅಪಾಯಕಾರಿ. 2018ರಲ್ಲಿ ಮಕ್ಕಳ ಕಳ್ಳರೆಂಬ ವದಂತಿಯಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ, ಬೀದರ್ ಜಿಲ್ಲೆಯಲ್ಲಿಯೂ ಅಮಾಯಕರು ಗುಂಪಿನ ಕೈಯಲ್ಲಿ ಸತ್ತರು. 2025ರ ಫೆಬ್ರುವರಿಯಲ್ಲಿ ಸಾಮಾಜಿಕ ಜಾಲತಾಣದ ಒಂದು ಪೋಸ್ಟ್‌ನಿಂದಾಗಿ ಮೈಸೂರಿನ ಉದಯಗಿರಿ ಠಾಣೆಯ ಎದುರು ಗುಂಪು ಸೇರಿ ಕಲ್ಲು ತೂರಾಟ ನಡೆಯಿತು. ಇಂತಹ ಸಂದರ್ಭದಲ್ಲಿ ಮೊದಲ ಗಂಟೆಯಲ್ಲಿ ಬರುವ ನಾಲ್ಕು ಸಾಲಿನ ಹೇಳಿಕೆ ಮರುದಿನದ ದೀರ್ಘ ಪತ್ರಿಕಾಗೋಷ್ಠಿಗಿಂತ ಹೆಚ್ಚು ಜೀವ ಉಳಿಸುತ್ತದೆ.

ಹೇಳಿಕೆಯಲ್ಲಿ ವದಂತಿಯ ಮಾತುಗಳನ್ನೇ ಮತ್ತೆ ಬರೆಯಬಾರದು, ಆ ಚಿತ್ರ ಅಥವಾ ವಿಡಿಯೊವನ್ನು ‘ಸುಳ್ಳು’ ಎಂಬ ಮುದ್ರೆ ಹಾಕಿಯೂ ಹಂಚಬಾರದು. ನಿಜ ಸಂಗತಿಯಿಂದ ಆರಂಭಿಸಿ, ಪೊಲೀಸರು ಏನು ಕ್ರಮ ತೆಗೆದುಕೊಂಡಿದ್ದಾರೆ, ಜನ ಏನು ಮಾಡಬೇಕು, ಮುಂದಿನ ಮಾಹಿತಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಬೇಕು. ಹೇಳಿದ ಹೊತ್ತಿಗೆ ಹೊಸದೇನೂ ಇಲ್ಲದಿದ್ದರೂ ಇಲ್ಲವೆಂದು ಹೇಳಲು ಬರಲೇಬೇಕು. ಮಳೆಗಾಲದಲ್ಲಿ ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿ ನೀರು ಬಿಡುವಾಗ ಶ್ರೀರಂಗಪಟ್ಟಣದ ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುವುದೂ ಇದೇ ಬಗೆಯ ಕೆಲಸ. ಅಣೆಕಟ್ಟೆಯ ಅಧಿಕಾರಿಗಳಿಂದ ಅಂಕಿಯನ್ನು ಖಚಿತಪಡಿಸಿಕೊಂಡು, ಧ್ವನಿವರ್ಧಕದಲ್ಲಿಯೂ ವಾಟ್ಸ್‌ಆ್ಯಪ್‌ನಲ್ಲಿಯೂ ಒಂದೇ ಮಾತನ್ನು ಹೇಳಬೇಕು. ಒಂದೊಂದು ಕಡೆ ಒಂದೊಂದು ಅಂಕಿ ಕೇಳಿಸಿದರೆ ಜನ ಯಾವುದನ್ನೂ ನಂಬುವುದಿಲ್ಲ. ಮಸೀದಿ, ದೇವಸ್ಥಾನ, ಚರ್ಚುಗಳ ಹಿರಿಯರ ಪರಿಚಯ ಗಲಭೆಯ ರಾತ್ರಿ ಆರಂಭವಾಗಬಾರದು, ಅದು ವರ್ಷವಿಡೀ ನಡೆದಿರಬೇಕು.

ದೊಡ್ಡ ಅಪಘಾತವಾದಾಗ ಸತ್ತವರ ಸಂಖ್ಯೆ, ಹೆಸರು ಕೇಳಿ ಕರೆಗಳ ಮೇಲೆ ಕರೆ ಬರುತ್ತವೆ. ಆಗ?

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ತರಗತಿಯಲ್ಲಿ ಇಂತಹ ಸನ್ನಿವೇಶವನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿಸುತ್ತೇವೆ. ಸಂಖ್ಯೆಯನ್ನು ಒಬ್ಬರೇ ಹೇಳಬೇಕು, ಯಾವ ಹೊತ್ತಿಗೆ ಅಷ್ಟು ಎಂದು ಸಮಯ ಸೇರಿಸಿ ಹೇಳಬೇಕು. ಮನೆಯವರಿಗೆ ತಿಳಿಸುವವರೆಗೆ ಹೆಸರನ್ನು ಹೊರಗೆ ಬಿಡಬಾರದು. ಸ್ಥಳದಲ್ಲಿ ಒಬ್ಬ ಅಧಿಕಾರಿ ವರದಿಗಾರರಿಗೆ, ಆಸ್ಪತ್ರೆಯಲ್ಲಿ ಇನ್ನೊಬ್ಬರು ಕುಟುಂಬದವರಿಗೆ ಮಾತ್ರ ಮೀಸಲಾಗಿರಬೇಕು. ಎರಡನ್ನೂ ಒಬ್ಬರಿಗೇ ವಹಿಸಿದರೆ ಕುಟುಂಬದವರೇ ಹಿಂದೆ ಬೀಳುತ್ತಾರೆ. ಕ್ಯಾಮೆರಾಗಳಿಗೆ ದೃಶ್ಯ ಸಿಗುವಂತಹ, ಆದರೆ ಶವಗಳ ಮುಖ ಕಾಣದಷ್ಟು ದೂರದ ಜಾಗವೊಂದನ್ನು ಮೊದಲೇ ಗುರುತಿಸಿ ಕೊಟ್ಟರೆ ತಳ್ಳಾಟವೂ ಕಡಿಮೆಯಾಗುತ್ತದೆ.

ಸಿಬ್ಬಂದಿ ಸಮವಸ್ತ್ರದಲ್ಲಿ ರೀಲ್ಸ್ ಮಾಡಬಹುದೇ?

ಇಲಾಖೆಯ ಅನುಮತಿಯಿಲ್ಲದೆ ಮಾಡಬಾರದು. ಠಾಣೆಯ ಒಳಗಿನ ದೃಶ್ಯ, ದೂರುದಾರರು, ವಶಪಡಿಸಿಕೊಂಡ ವಸ್ತುಗಳು ಸ್ವಂತ ಮೊಬೈಲಿನಲ್ಲಿ ಸೆರೆಯಾಗಲೇಬಾರದು.

ನಮ್ಮವರ ಮೇಲೆಯೇ ಆರೋಪ ಬಂದಾಗ ಏನು ಹೇಳಬೇಕು? ಠಾಣೆಯಲ್ಲಿ ಸಾವು ಸಂಭವಿಸಿದರೆ?

ತರಬೇತಿಯ ಅತ್ಯಂತ ಕಠಿಣ ಪಾಠ ಇದು, ಮತ್ತು ಹೆಚ್ಚಿನ ಕಡೆ ಬಿಟ್ಟುಹೋಗುವ ಪಾಠವೂ ಹೌದು. ಮೊದಲ ತುಡಿತ ಸಮರ್ಥನೆಯದು: ‘ಅವನಿಗೆ ಮೊದಲೇ ಹೃದಯದ ತೊಂದರೆ ಇತ್ತು’, ‘ಕುಡಿದಿದ್ದ’, ‘ಅವನ ಮೇಲೆ ಹಳೆಯ ಪ್ರಕರಣಗಳಿವೆ’. ಮರಣೋತ್ತರ ಪರೀಕ್ಷೆ ಆಗುವ ಮುನ್ನವೇ ಆಡುವ ಈ ಮಾತುಗಳು ಮುಂದೆ ಸುಳ್ಳಾದರೆ ಇಡೀ ಠಾಣೆ ಮುಚ್ಚಿಡಲು ಹೊರಟಂತೆ ಕಾಣುತ್ತದೆ. ನಿಜವಾದರೂ ಆ ಹೊತ್ತಿನಲ್ಲಿ ಯಾರೂ ನಂಬುವುದಿಲ್ಲ. ಸತ್ತವರ ಹಳೆಯ ಪ್ರಕರಣಗಳನ್ನು ಎತ್ತುವುದು ಯಾವ ಸಂದರ್ಭದಲ್ಲಿಯೂ ಸಲ್ಲದು.

ಹೇಳಬೇಕಾದದ್ದು ಪ್ರಕ್ರಿಯೆ. ಕಸ್ಟಡಿ ಸಾವಿನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮಿನಂತೆ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ‘ಈ ವ್ಯಕ್ತಿಯನ್ನು ಇಷ್ಟು ಹೊತ್ತಿಗೆ ಠಾಣೆಗೆ ಕರೆತರಲಾಗಿತ್ತು, ಇಷ್ಟು ಹೊತ್ತಿಗೆ ಆಸ್ಪತ್ರೆಗೆ ಸೇರಿಸಲಾಯಿತು, ಕುಟುಂಬದವರಿಗೆ ತಿಳಿಸಲಾಗಿದೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡಲಾಗಿದೆ, ಸಂಬಂಧಪಟ್ಟ ಸಿಬ್ಬಂದಿಯ ಮೇಲೆ ಈ ಕ್ರಮ ಕೈಗೊಳ್ಳಲಾಗಿದೆ’ ಎಂಬಷ್ಟನ್ನು, ದಾಖಲೆಯಲ್ಲಿ ಇರುವಂತೆಯೇ, ಆ ಠಾಣೆಗೆ ಸೇರದ ಹಿರಿಯ ಅಧಿಕಾರಿ ಹೇಳಬೇಕು. ದುಃಖದಲ್ಲಿರುವ ಮನೆಯವರ ಬಗ್ಗೆ ಒಂದು ಸಹಾನುಭೂತಿಯ ವಾಕ್ಯ ಹೇಳಿದರೆ ತಪ್ಪೊಪ್ಪಿಕೊಂಡಂತಾಗುತ್ತದೆ ಎಂಬ ಭಯ ಅನೇಕರಲ್ಲಿದೆ, ಹಾಗೆ ಆಗುವುದಿಲ್ಲ. ಪೊಲೀಸ್ ದೂರು ಪ್ರಾಧಿಕಾರಕ್ಕೆ ದೂರು ಕೊಡುವ ದಾರಿಯಿದೆ ಎಂಬುದನ್ನು ಕೇಳಿದವರಿಗೆ ತಿಳಿಸುವುದೂ ಪೊಲೀಸರ ಕರ್ತವ್ಯವೇ.

ತರಬೇತಿ ಫಲ ಕೊಟ್ಟಿದೆ ಎಂದು ಹೇಗೆ ಅಳೆಯುವುದು?

ಪತ್ರಿಕೆಯಲ್ಲಿ ಬಂದ ಹೊಗಳಿಕೆಯ ತುಣುಕುಗಳನ್ನು ಕತ್ತರಿಸಿ ಅಂಟಿಸುವುದರಿಂದ ಏನೂ ತಿಳಿಯದು. ಘಟನೆಗೂ ಮೊದಲ ಅಧಿಕೃತ ಹೇಳಿಕೆಗೂ ನಡುವೆ ಎಷ್ಟು ಹೊತ್ತು ಕಳೆಯಿತು, ನಂತರ ತಿದ್ದಬೇಕಾದ ಹೇಳಿಕೆಗಳು ಎಷ್ಟು, ಗುರುತು ಬಯಲಾದ ಪ್ರಕರಣ ಯಾವುದಾದರೂ ಇದೆಯೇ, ವರದಿಗಾರರ ಕರೆಗಳಲ್ಲಿ ಎಷ್ಟಕ್ಕೆ ಉತ್ತರ ಹೋಯಿತು, ಇವನ್ನು ಠಾಣೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಜೊತೆಗೆ, ಆರು ತಿಂಗಳಿಗೊಮ್ಮೆ ಡೇರಿಯ ಬಳಿ, ಬಸ್ ನಿಲ್ದಾಣದಲ್ಲಿ, ಕಾಲೇಜಿನಲ್ಲಿ ಸಮವಸ್ತ್ರವಿಲ್ಲದ ಯಾರಾದರೂ ಹೋಗಿ, ತಮ್ಮ ಬೀಟ್ ಪೊಲೀಸರ ಹೆಸರು ಗೊತ್ತಿದೆಯೇ, ತೊಂದರೆಯಾದರೆ ಅವರಿಗೆ ಫೋನ್ ಮಾಡುತ್ತೀರಾ ಎಂದು ಕೇಳಿ ಬರಬೇಕು. ಎರಡನೆಯ ಪ್ರಶ್ನೆಗೆ ‘ಇಲ್ಲ’ ಎಂದವರನ್ನು, ಒಪ್ಪಿದರೆ, ಮುಂದಿನ ತರಗತಿಗೆ ಕರೆದು ಕಾರಣವನ್ನು ಸಿಬ್ಬಂದಿಯ ಮುಂದೆಯೇ ಹೇಳಿಸಿ.